ಹೊಟ್ಟೆನೋವು ಮತ್ತು ಕರುಳಿನ ಕೊಬ್ಬಿನ ಗಡ್ಡೆ



ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆಯೊಂದೇ ಅಲ್ಲ. ಗಂಡ ಹೆಂಡಿರ ದೇಹಾರೋಗ್ಯವೂ ಅದರಲ್ಲಿ ಸೇರಿದೆ. ಪದೇ ಪದೇ ಹೊಟ್ಟೆ ನೊಂದಾಗ ಗೃಹಿಣಿಯು ಅದನ್ನು ಎಂದೋ ಆದ ಸಂತಾನಹರಣ ಶಸ್ತ್ರಚಿಕಿತ್ಸೆಯ ಮೇಲೆ ಹೊರಿಸುವುದುಂಟು. ಯಜಮಾನನು ವಾಯುವೆಂದು ಸುಮ್ಮನಾಗುವುದುಂಟು. ಕಾರಣವು ಇವೆರಡೂ ಅಲ್ಲದಿರಬಹುದು.

ತೋಳಿನಲ್ಲೋ ಬೆನ್ನಿನಲ್ಲೋ ಚರ್ಮದಡಿ ಮೆತ್ತನೆಯ ಗಂಟುಳ್ಳವರನ್ನು ನೀವು ನೋಡಿದ್ದೀರಿ. ಅದು ಕೊಬ್ಬಿನ ಗಡ್ಡೆ. ವೈದ್ಯರು ಲೈಪೋಮ ಎನ್ನುವರು. ಅಂಥದೇ ಗಡ್ಡೆಯು ಅಪರೂಪವಾಗಿ ಕರುಳಿನ ಒಳಪದರದ ಕೆಳಗೂ ಬೆಳೆಯುತ್ತದೆ. ದೊಡ್ಡ ಕರುಳಿನ ಬಲಭಾಗದಲ್ಲಿ, 50 ವರ್ಷ ದಾಟಿದವರಲ್ಲಿ ಇದು ಹೆಚ್ಚು. ಇದು ಕ್ಯಾನ್ಸರ್ ಅಲ್ಲ. ಸಣ್ಣದಿದ್ದರೆ ಇರುವುದೇ ತಿಳಿಯದು, ತೆಗೆಯಬೇಕಾಗಿಯೂ ಇಲ್ಲ.

ಗಡ್ಡೆಯು 2 ಸೆಂಟಿಮೀಟರ್ ಮೀರಿ ನೆಲ್ಲಿಕಾಯಿಯಷ್ಟಾದರೆ ತೊಂದರೆಗೆ ಮೊದಲಾಗಬಹುದು. ಕರುಳು ಅಲೆಯಲೆಯಾಗಿ ಸಂಕುಚಿಸಿ ಆಹಾರವನ್ನು ಮುಂದಕ್ಕೆ ತಳ್ಳುವುದಷ್ಟೆ? ಗಡ್ಡೆಯನ್ನೂ ಆಹಾರದಂತೆಯೇ ತಳ್ಳುತ್ತದೆ. ಗಡ್ಡೆಯು ತಾನು ಅಂಟಿಕೊಂಡ ಗೋಡೆಯನ್ನೂ ಎಳೆದೊಯ್ಯುವುದರಿಂದ, ಅಂಗಿಯ ತೋಳು ಒಳಮಗುಚುವಂತೆ ಕರುಳಿನ ಒಂದು ಭಾಗವು ಮುಂದಿನ ಭಾಗದೊಳಕ್ಕೆ ಜಾರುತ್ತದೆ. ಆಗ ಹಿಂಡಿದಂತಹ ನೋವು. ಜಾರಿದ ಕರುಳು ತಾನಾಗಿ ಹಿಂದಿರುಗಿದರೆ ನೋವು ನಿಲ್ಲುವುದು, ಮತ್ತೆ ಬರುವುದು. ಈ ಬಿಡುವನ್ನೇ ಜನರು ಗುಣವೆಂದು ಬಗೆದು ಮೋಸಹೋಗುತ್ತಾರೆ. ಕರುಳು ಹಿಂದಿರುಗದಿದ್ದರೆ ರಕ್ತಸಂಚಾರ ನಿಂತು ಆ ಭಾಗವು ಕೊಳೆಯಬಹುದು.

ನೋವಿನೊಡನೆ ವಾಂತಿ, ಹೊಟ್ಟೆಯುಬ್ಬರ, ಮಲ ಮತ್ತು ಅಪಾನವಾಯು ಕಟ್ಟುವುದು, ಮಲದಲ್ಲಿ ರಕ್ತ, ಇವು ಕಂಡರೆ ಬೆಳಗಾಗಲೆಂದು ಕಾಯಬೇಡಿ. ಹರಳೆಣ್ಣೆ ಕುಡಿಸಬೇಡಿ, ಮುಚ್ಚಿದ ದಾರಿಯಲ್ಲಿ ಭೇದಿಯ ಔಷಧವು ಅಪಾಯಕರ. ಹೊಟ್ಟೆ ತಿಕ್ಕಿಸುವುದು, ಬರೆ ಹಾಕಿಸುವುದು ಕೂಡದು. ಬಾಯಿಗೆ ಏನನ್ನೂ ಕೊಡದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಿರಿ.

ಮಲದಲ್ಲಿ ರಕ್ತವು ಕ್ಯಾನ್ಸರಿನಿಂದಲೂ ಬರುವುದರಿಂದ, ನೋವಿಲ್ಲದಿದ್ದರೂ ಪರೀಕ್ಷೆ ಅವಶ್ಯ. ಸಿ.ಟಿ. ಸ್ಕ್ಯಾನಿನಲ್ಲಿ ಕೊಬ್ಬು ಸ್ಪಷ್ಟವಾಗಿ ಬೇರೆಯೇ ತೋರುವುದು. ಗುದದ್ವಾರದಿಂದ ದೀಪವಿರುವ ನಳಿಕೆಯಿಟ್ಟು ನೋಡಿದಾಗ ಗಡ್ಡೆಯು ಹಳದಿಯಾಗಿ, ಒತ್ತಿದರೆ ದಿಂಬಿನಂತೆ ತಗ್ಗುತ್ತದೆ. ಕೆಲವನ್ನು ಆ ನಳಿಕೆಯ ಮೂಲಕವೇ ತೆಗೆಯಬಹುದು. ದೊಡ್ಡದಾದರೆ ಅಥವಾ ಕರುಳು ಜಾರಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗುವುದು. ಪೂರ್ಣವಾಗಿ ತೆಗೆದ ಗಡ್ಡೆಯು ಮರಳಿ ಬೆಳೆಯುವುದು ಅತಿ ವಿರಳ.

ಅನೇಕ ಗೃಹಿಣಿಯರು ನಳಿಕೆಯ ಪರೀಕ್ಷೆಗೆ ನಾಚಿ ನೋವನ್ನು ನುಂಗುತ್ತಾರೆ. ಯಜಮಾನರೇ, ಆಕೆಯೊಬ್ಬಳನ್ನೇ ಕಳುಹಿಸದೆ ನೀವೂ ಜೊತೆಗೆ ಹೋಗಿರಿ. ನೋವು ಯಾವ ಯಾವ ದಿನ ಬಂದಿತು, ಎಷ್ಟು ಹೊತ್ತು ಇತ್ತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದೊಯ್ದರೆ ವೈದ್ಯರಿಗೆ ಬಹಳ ಉಪಕಾರವಾಗುವುದು.