ಎರೆ ನೆಲದಲ್ಲಿ ಮನೆ ಕಟ್ಟುವ ಮುನ್ನ

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)

ವೇದಿಕೆಯ ಹಿರಿಯರು "ಮನೆ ಕಟ್ಟುವುದರ ಬಗ್ಗೆ ಏನಾದರೂ ಹೇಳಮ್ಮ" ಎಂದಾಗ ವಾಸ್ತು ಕೇಳುತ್ತಿದ್ದಾರೇನೋ ಎಂದು ಒಂದು ಕ್ಷಣ ಗಾಬರಿಯಾಯಿತು. ಎಂ.ಟೆಕ್‌ನಲ್ಲಿ ನಾನು ಓದಿದ್ದು ಮಣ್ಣು ಮತ್ತು ಅಡಿಪಾಯ. ಪುಣೆಯಲ್ಲಿ ಹೊಟ್ಟೆಗೆ ಹಾಕುತ್ತಿರುವುದು ಸಾಫ್ಟ್‌ವೇರ್. ಹಾಗಾಗಿ ಇಂದು ಓದಿದ ವಿದ್ಯೆಯ ಮಾತು.

ಇಲ್ಲಿ ಕುಳಿತಿರುವ ನಮ್ಮಲ್ಲಿ ಬಹಳ ಜನ ಧಾರವಾಡ, ಗದಗ, ವಿಜಯಪುರ, ಕಲಬುರಗಿ ಕಡೆಯವರು. ಇಲ್ಲಿಯ ಫ್ಲ್ಯಾಟಿನ ಕಂತು ಮುಗಿಯುತ್ತ ಬಂದಂತೆ ಊರಲ್ಲೊಂದು ಮನೆ ಇರಲಿ ಅನ್ನಿಸುತ್ತದೆ. ಆ ಸೀಮೆಯ ನೆಲ ಹೆಚ್ಚಿನ ಪಾಲು ಎರೆ. ಈ ಮಣ್ಣಿನ ಸೂಕ್ಷ್ಮ ಜೇಡಿಕಣಗಳು, ಮುಖ್ಯವಾಗಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜ, ನೀರು ಕುಡಿದರೆ ಉಬ್ಬುತ್ತವೆ, ಒಣಗಿದರೆ ಕುಗ್ಗುತ್ತವೆ. ತೇವ ಹಿಡಿದಿಟ್ಟುಕೊಳ್ಳುವುದರಿಂದಲೇ ಅಲ್ಲಿ ಹಿಂಗಾರಿ ಜೋಳ ಬೆಳೆಯುವುದು. ಜೋಳಕ್ಕೆ ಒಳ್ಳೆಯದಾದ ಗುಣವೇ ಗೋಡೆಗೆ ಕೆಟ್ಟದ್ದು.

ಮನೆ ಕಟ್ಟಿದ ಮೇಲೆ ನಡುಮನೆಯ ಕೆಳಗಿನ ಮಣ್ಣಿಗೆ ಬಿಸಿಲೂ ಮಳೆಯೂ ತಾಗುವುದಿಲ್ಲ, ಅದರ ತೇವ ಸುಮಾರು ಒಂದೇ ಸಮ ಇರುತ್ತದೆ. ಹೊರಗೋಡೆಯ ಕೆಳಗಿನದು ಮಾತ್ರ ಮಳೆಗಾಲದಲ್ಲಿ ಏಳುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಗೋಡೆ ಎಲ್ಲ ಕಡೆ ಒಂದೇ ಸಮ ಏರಿಳಿದರೆ ತೊಂದರೆ ಇರಲಿಲ್ಲ. ಒಂದು ಮೂಲೆ ಎದ್ದು ಇನ್ನೊಂದು ಕುಳಿತಾಗ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಿಡುತ್ತದೆ.

ಗದಗ ಕಡೆ ನಮ್ಮ ಅಕ್ಕನ ಮನೆ ಹೀಗೇ ಆಗಿದೆ. ಬಂಗಾರ ಒತ್ತೆ ಇಟ್ಟು, ಸಾಲ ತೆಗೆದು ಕಟ್ಟಿಸಿದ ಮನೆ. ಮೇಸ್ತ್ರಿ "ಮೂರು ಫೂಟ್ ಪಾಯಾ ಸಾಕ್ರಿ, ಎಲ್ಲಾರೂ ಹಂಗ ಮಾಡ್ಯಾರ" ಎಂದಿದ್ದ. ಎರಡು ಸಲ ಬಿರುಕಿಗೆ ಸಿಮೆಂಟ್ ತುಂಬಿ ಬಣ್ಣ ಹೊಡೆಸಿದರು. "ಮಳಿಗಾಲದಾಗ ಬಾಗಲಾ ಹಾಕಾಕ ಬರೂದಿಲ್ಲ, ಬ್ಯಾಸಿಗ್ಯಾಗ ಚಿಲಕಾ ಕೂಡೂದಿಲ್ಲ, ಇದೇನು ಮನಿಯೋ ಪಂಚಾಂಗೋ" ಅನ್ನುತ್ತಾಳೆ. ಋತುವಿನ ಜೊತೆ ಮುಚ್ಚಿ ತೆರೆಯುವ ಬಿರುಕು ಕಂಡರೆ ಬಣ್ಣಕ್ಕೆ ದುಡ್ಡು ಹಾಕುವ ಮೊದಲು ನೆಲದ ಕಡೆ ನೋಡಿ.

ಇಂಥ ನೆಲದಲ್ಲಿ ತೇವದ ಏರಿಳಿತ ಸಾಮಾನ್ಯವಾಗಿ ಸುಮಾರು 3.5 ಮೀಟರ್ ಆಳದವರೆಗೂ ಇರುತ್ತದೆ. ಮೂರು ಅಡಿಯ ಪಾಯ ಅದರ ನಡುವೆಯೇ ಕೂತಿರುತ್ತದೆ. ಎರೆ ತೆಳುವಾಗಿದ್ದರೆ ಪೂರ್ತಿ ತೆಗೆದು ಕೆಳಗಿನ ಗರಸಿನ ಮೇಲೆ ಪಾಯ ಹಾಕಬಹುದು. ದಪ್ಪವಿದ್ದರೆ ಅಂಡರ್ ರೀಮ್ಡ್ ಪೈಲ್: ಆಳಕ್ಕೆ ಕೊರೆದ ಕಾಂಕ್ರೀಟ್ ಕಂಬ, ಬುಡದಲ್ಲಿ ಗಡ್ಡೆಯಂತೆ ಅಗಲ, ಸಾಮಾನ್ಯವಾಗಿ ಕಂಬದ ಎರಡೂವರೆ ಪಟ್ಟು. ಮೇಲಿನ ಮಣ್ಣು ಎತ್ತಲು ನೋಡಿದರೂ ಗಡ್ಡೆ ಬಿಡುವುದಿಲ್ಲ. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ವಿಧಾನ ಇದು. ಕಂಬಗಳನ್ನು ಕೂಡಿಸುವ ತೊಲೆಯ ಕೆಳಗೆ ನೆಲಕ್ಕೂ ಅದಕ್ಕೂ ನಡುವೆ ಸುಮಾರು 80 ಮಿ.ಮೀ. ಖಾಲಿ ಬಿಡಬೇಕು. ಮೇಸ್ತ್ರಿಗಳು ಮರೆಯುವುದು ಇದನ್ನೇ. ಮರಳು ತುಂಬಿ "ಗಟ್ಟಿ ಆತು" ಅನ್ನುತ್ತಾರೆ.

ಇನ್ನೊಂದು ದಾರಿ ಉಬ್ಬದ ಅಂಟುಮಣ್ಣಿನ ಪದರ ಹಾಸುವುದು. ಅದನ್ನು ರೂಪಿಸಿದವರು ಐಐಟಿ ಬಾಂಬೆಯ ಪ್ರೊ. ಆರ್. ಕೆ. ಕಟ್ಟಿ.

ಧಾರವಾಡದ ಪೂರ್ವಕ್ಕೆ, ಕೆಂಪು ಮಣ್ಣು ಮುಗಿದು ಎರೆ ಶುರುವಾಗುವಲ್ಲಿ, ನಮ್ಮದೊಂದು ಸೈಟಿದೆ. ಮಣ್ಣು ಪರೀಕ್ಷೆ ಮಾಡಿಸೋಣ ಎಂದಾಗ ನಮ್ಮ ಮಾವ, "ನಮ್ಮಪ್ಪ ಯಾವ ಟೆಸ್ಟ್ ಮಾಡಿಸಿದ್ದವಾ? ಮನಿ ಇನ್ನೂ ನಿಂತೈತಿ" ಎಂದರು. ಅವರ ಮಾತು ಸುಳ್ಳಲ್ಲ. ಆ ಮನೆಯದು ದಪ್ಪ ಮಣ್ಣಿನ ಗೋಡೆ, ಕಟ್ಟಿಗೆಯ ಕಂಬ, ಮಣ್ಣಿನ ಮಾಳಿಗೆ. ನೆಲ ಅಲುಗಿದರೆ ಅದೂ ಅಷ್ಟು ಬಾಗಿ ಕೊಡುತ್ತಿತ್ತು, ಬಿರುಕನ್ನು ಹೆಣ್ಣುಮಕ್ಕಳು ಪ್ರತಿವರ್ಷ ಮೆತ್ತುತ್ತಿದ್ದರು. ಇಟ್ಟಿಗೆ ಸಿಮೆಂಟಿನ ಗೋಡೆಗೆ ಆ ಬಾಗುವ ಗುಣವಿಲ್ಲ. ಇಷ್ಟು ಹೇಳಿದ ಮೇಲೆ ಮಾವ ಸುಮ್ಮನಾದರು. ಒಪ್ಪಿದರು ಎಂದು ನಾನು ಹೇಳಲಾರೆ. ಪರೀಕ್ಷೆಗೆ ಆದ ಖರ್ಚು ನಾವು ಯೋಚಿಸಿದ್ದ ಅಡುಗೆಮನೆಯ ಗ್ರಾನೈಟಿಗಿಂತ ಕಡಿಮೆ.

ಅದರಲ್ಲೊಂದು ಪರೀಕ್ಷೆ ನಿಮಗೂ ಹಿಡಿಸುತ್ತದೆ. ಒಣಗಿಸಿ ಜರಡಿ ಹಿಡಿದ ಮಣ್ಣನ್ನು 10 ಗ್ರಾಂನಂತೆ ಎರಡು ಅಳತೆಯ ಗಾಜಿನ ಕೊಳವೆಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ 24 ಗಂಟೆ ಬಿಡುವುದು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನಲ್ಲಿ ಅದಕ್ಕಿಂತ ಎಷ್ಟು ಹೆಚ್ಚು ಜಾಗ ಹಿಡಿಯಿತು ಎಂಬುದೇ ಲೆಕ್ಕ. ಶೇ. 50 ದಾಟಿದರೆ ಎಚ್ಚರ ಬೇಕು. (ಈಗ ಸೀಮೆಎಣ್ಣೆ ಹುಡುಕುವುದೇ ದೊಡ್ಡ ಪರೀಕ್ಷೆ.)

ಈಗ ನೀರು. ಬಚ್ಚಲ ನೀರಿಗೆ ಬಾಳೆಗಿಡ ಹಚ್ಚುವುದು ನಮ್ಮ ತಾಯಂದಿರ ರೂಢಿ. ಎರೆಯಲ್ಲಿ ಗೋಡೆಗೆ ತಾಗಿದಂತೆ ಇದನ್ನು ಮಾಡಿದರೆ ಒಂದೇ ಮೂಲೆಗೆ ವರ್ಷವಿಡೀ ನೀರುಣಿಸಿದಂತೆ. ಮಳೆನೀರಿನ ಇಂಗುಗುಂಡಿಯನ್ನೂ ಗೋಡೆಯಿಂದ ದೂರ ಇಡಿ. ಮನೆಯ ಸುತ್ತ ಹೊರಕ್ಕೆ ಇಳಿಜಾರಾಗಿ ಕಲ್ಲು ಹಾಸಿಸಿ. ಶೌಚದ ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ 18 ಮೀಟರ್ ಆದರೂ ದೂರವಿರಬೇಕು.

ಬೋರಿನ ನೀರು ಸವಳಾದರೆ ಕಾಂಕ್ರೀಟಿಗೆ ಬಳಸುವ ಮುನ್ನ ಪರೀಕ್ಷಿಸಿ. ಕಬ್ಬಿಣ ಹಾಕಿದ ಕಾಂಕ್ರೀಟಿನ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು. ಮೀರಿದರೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ, ನಮಗೆ ತಿಳಿಯುವುದು ಸ್ಲ್ಯಾಬ್ ಉದುರಿದ ಮೇಲೆ.

ನರಗುಂದದಲ್ಲಿ ಮನೆಯೊಳಗೆ, ರಸ್ತೆಯಲ್ಲಿ ನೆಲ ಏಕಾಏಕಿ ಕುಸಿದ ಸುದ್ದಿ ಓದಿರುತ್ತೀರಿ. ಅಲ್ಲಿ ಕೇಳಿಬಂದ ಕಾರಣಗಳು ಮೇಲೇರಿದ ಅಂತರ್ಜಲ ಮತ್ತು ಹಳೆಯ ಹಗೇವುಗಳು. ಹಿಂದೆ ಜೋಳ ತುಂಬಿಡಲು ತೋಡಿದ ಆ ನೆಲಮಾಳಿಗೆಗಳನ್ನು ಎಷ್ಟೋ ಕಡೆ ಸರಿಯಾಗಿ ತುಂಬದೆ ಮೇಲೆ ಮನೆ ಎದ್ದಿವೆ. ನೀರು ಮೇಲೆ ಬಂದಾಗ ಟೊಳ್ಳಿನ ಅಂಚು ಕರಗುತ್ತದೆ. ಹಳೆ ಊರೊಳಗೆ ಜಾಗ ಕೊಳ್ಳುವುದಾದರೆ ಉತಾರದ ಜೊತೆಗೆ ಓಣಿಯ ಅಜ್ಜಿಯರನ್ನೂ ವಿಚಾರಿಸಿ: ಇಲ್ಲಿ ಯಾರ ಹಗೇವು ಇತ್ತು, ಎಲ್ಲಿ ಬಾವಿ ಮುಚ್ಚಿದ್ದಾರೆ? ಅದು ಯಾವ ನಕ್ಷೆಯಲ್ಲೂ ಸಿಗುವುದು ಕಷ್ಟ.

ಸೈಟನ್ನು ಎರಡು ಸಲ ನೋಡಿ, ಮೇ ತಿಂಗಳ ಬಿಸಿಲಲ್ಲೊಮ್ಮೆ, ಜೋರು ಮಳೆ ನಿಂತ ಮರುದಿನ ಒಮ್ಮೆ. ಅಕ್ಕನ ಮನೆಗೆ ಸದ್ಯಕ್ಕೆ ಬಚ್ಚಲ ನೀರನ್ನು ದೂರ ಸಾಗಿಸಿ ಸುತ್ತ ಕಲ್ಲು ಹಾಸಿಸಿದ್ದೇವೆ. ಬಿರುಕಿನ ಎರಡೂ ಬದಿ ಪೆನ್ಸಿಲ್ ಗುರುತು ಹಾಕಿ ತಿಂಗಳಿಗೊಮ್ಮೆ ಅಳೆದು ವಾಟ್ಸಾಪ್‌ನಲ್ಲಿ ಕಳಿಸುತ್ತಾಳೆ. ಒಂದು ವರ್ಷದ ಅಳತೆ ನೋಡಿ ಮುಂದಿನ ರಿಪೇರಿ ನಿರ್ಧರಿಸುತ್ತೇವೆ. ಇನ್ನು ನಿಮ್ಮ ಪ್ರಶ್ನೆಗಳನ್ನು ಕೇಳಿ.