ಕೊಟ್ಟ ನೀರಿನ ಲೆಕ್ಕ

(ಪರಿಸರ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ತಲಕಾವೇರಿಯ ಬೆಟ್ಟದಲ್ಲಿ ಹುಟ್ಟಿದ ನದಿಯ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡು, ಸುಮಾರು 100 ಕಿಲೋಮೀಟರ್ ದೂರ ಕೊಳವೆಗಳಲ್ಲಿ ಸಾಗಿ, ಸುಮಾರು 500 ಮೀಟರ್ ಎತ್ತರವನ್ನೇರಿ ಬೆಂಗಳೂರನ್ನು ಸೇರುತ್ತದೆ. 2024ರ ಅಕ್ಟೋಬರಿನಲ್ಲಿ ಐದನೆಯ ಹಂತವೂ ಉದ್ಘಾಟನೆಗೊಂಡು, ಈ ಯೋಜನೆಗಳ ಒಟ್ಟು ಸಾಮರ್ಥ್ಯ ದಿನಕ್ಕೆ 220 ಕೋಟಿ ಲೀಟರುಗಳನ್ನು ಮೀರಿತು. ನೀರು ನಗರಕ್ಕೆ ಬರುವ ದಾರಿ ಎಲ್ಲರಿಗೂ ತಿಳಿದಿದೆ. ಬಳಸಿದ ಬಳಿಕ ಅದು ಹೋಗುವ ದಾರಿಯನ್ನು ವಿಚಾರಿಸುವವರು ವಿರಳ.

ಪೂರೈಸಿದ ನೀರಿನಲ್ಲಿ ಶೇಕಡಾ 80ರಷ್ಟು ಕೊಳಚೆಯಾಗಿ ಹೊರಬೀಳುತ್ತದೆಂಬುದು ಇಂಜಿನಿಯರುಗಳ ರೂಢಿಯ ಲೆಕ್ಕ. ಬೆಂಗಳೂರು ಎತ್ತರದ ದಿಣ್ಣೆಯ ಮೇಲಿರುವ ಊರು. ಅಲ್ಲಿನ ಕೊಳಚೆಯ ಒಂದು ಭಾಗ ವೃಷಭಾವತಿಯಲ್ಲಿ ಹರಿದು, ಅರ್ಕಾವತಿಯ ಮೂಲಕ ಮರಳಿ ಕಾವೇರಿಯನ್ನೇ ಸೇರುತ್ತದೆ. ಇನ್ನೊಂದು ಭಾಗ ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಯತ್ತ ಸಾಗುತ್ತದೆ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿತು. 2017 ಮತ್ತು 2018ರಲ್ಲಿಯೂ ಅಲ್ಲಿ ಬೆಂಕಿ ಕಾಣಿಸಿಕೊಂಡಿತು.

ಬೆಂಕಿ ಕಣ್ಣಿಗೆ ಕಂಡಿತು. ಕಣ್ಣಿಗೆ ಕಾಣದ ಕೇಡು ಇನ್ನೊಂದಿದೆ. ಮಲಮೂತ್ರದಲ್ಲಿ ಸಾರಜನಕವೂ ರಂಜಕವೂ ಇರುತ್ತವೆ. ಕೆಲವು ಮಾರ್ಜಕಗಳು ರಂಜಕವನ್ನು ಇನ್ನಷ್ಟು ಸೇರಿಸುತ್ತವೆ. ರೈತನು ಗೊಬ್ಬರವೆಂದು ಹಣ ಕೊಟ್ಟು ತರುವುದೂ ಇವನ್ನೇ. ಗದ್ದೆಯ ಸಾರ ಧಾನ್ಯವಾಗಿ ನಗರಕ್ಕೆ ಹೋಗುತ್ತದೆ. ಅಲ್ಲಿಂದ ಗದ್ದೆಗೆ ಮರಳದೆ ಕಾಲುವೆಗೆ ಬೀಳುತ್ತದೆ. ಈ ಗೊಬ್ಬರವನ್ನುಂಡು ಕೆರೆಯಲ್ಲಿ ಪಾಚಿ, ಜಲಕಳೆಗಳು ಹಬ್ಬುತ್ತವೆ. ಅವು ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಬರಿದಾಗಿ ಮೀನುಗಳು ಸಾಯುತ್ತವೆ.

ಆಮ್ಲಜನಕವಿಲ್ಲದ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಮೀಥೇನ್ ಅನಿಲವನ್ನು ಉತ್ಪಾದಿಸುತ್ತವೆ. ಮಲೆನಾಡಿನ ಮನೆಗಳ ಗೋಬರ್ ಗ್ಯಾಸ್ ಗುಂಡಿಯಲ್ಲಿ ಹುಟ್ಟುವುದೂ ಇದೇ ಅನಿಲ. ಗುಂಡಿಯ ಅನಿಲ ಒಲೆಯಲ್ಲಿ ಉರಿದು ಅನ್ನ ಬೇಯಿಸುತ್ತದೆ. ಕೆರೆಯ ಅನಿಲ ನೇರವಾಗಿ ಆಕಾಶವನ್ನು ಸೇರುತ್ತದೆ. ಕೊಳಚೆಯ ಸಾರಜನಕವನ್ನು ಬ್ಯಾಕ್ಟೀರಿಯಾಗಳು ಹಂತಹಂತವಾಗಿ ಮಾರ್ಪಡಿಸುವಾಗ ನೈಟ್ರಸ್ ಆಕ್ಸೈಡ್ ಹೊರಬರುತ್ತದೆ. 2021ರ ಅಂತರಸರ್ಕಾರಿ ಹವಾಮಾನ ಸಮಿತಿಯ ವರದಿಯ ಪ್ರಕಾರ, 100 ವರ್ಷಗಳ ಅವಧಿಯಲ್ಲಿ, ಒಂದು ಕಿಲೋ ಮೀಥೇನ್ ಅಷ್ಟೇ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 27 ಪಟ್ಟು, ನೈಟ್ರಸ್ ಆಕ್ಸೈಡ್ 273 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ.

ಶುದ್ಧೀಕರಣ ಘಟಕವಿದ್ದರೆ ಸಾಕೆಂಬ ಭಾವನೆಯುಂಟು. ಸಾಮಾನ್ಯ ಘಟಕಗಳು ಕೊಳೆಯುವ ಕಶ್ಮಲವನ್ನು ತಗ್ಗಿಸುತ್ತವೆ. ಸಾರಜನಕ, ರಂಜಕಗಳನ್ನು ತೆಗೆಯಲು ಪ್ರತ್ಯೇಕ ವ್ಯವಸ್ಥೆ ಬೇಕು. 2018ರಿಂದ ಬೆಂಗಳೂರಿನ ಸಂಸ್ಕರಿತ ನೀರನ್ನು ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಮರುಬಳಕೆ ಸಾಧ್ಯವೆಂಬುದಕ್ಕೆ ಇದು ಸಾಕ್ಷಿ. ಆದರೆ ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ಅದರ ಗೊಬ್ಬರ ಕಳೆಯಿತೆಂದು ತಿಳಿಯಲಾಗದು. ಅದು ಉಳಿದರೆ ರೋಗವೂ ಹೊಸ ಕೆರೆಗೆ ದಾಟುತ್ತದೆ.

ಇದು ನಗರದವರ ಪಾಡೆಂದು ಮಲೆನಾಡು ಸುಮ್ಮನಿರುವಂತಿಲ್ಲ. ಹೂಮಳೆ ಹೊತ್ತು ತಪ್ಪಿದರೆ ಕಾಫಿ ಬೆಳೆಗಾರ ತತ್ತರಿಸುತ್ತಾನೆ. ಲಿಂಗನಮಕ್ಕಿಯಿಂದ ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾವವನ್ನು 2019ರಲ್ಲಿ ಶಿವಮೊಗ್ಗ ಜಿಲ್ಲೆಯ ಜನ ಬೀದಿಗಿಳಿದು ವಿರೋಧಿಸಿದರು. ಹೊಸ ನದಿಯನ್ನು ಕೇಳುವ ಮೊದಲು, ಈಗಾಗಲೇ ಪಡೆದ ನೀರನ್ನು ನಗರವು ಏನು ಮಾಡಿತೆಂದು ಕೇಳುವ ಹಕ್ಕು ಗುಡ್ಡದ ಹಳ್ಳಿಗಳಿಗಿದೆ.

ಹಾಗೆ ಕೇಳುವವರ ಅಂಗಳವೂ ಚೊಕ್ಕಟವಾಗಿರಬೇಕು. ಕಾಫಿ ಹಣ್ಣು ತೊಳೆದ ನೀರು, ಪೇಟೆಯ ಚರಂಡಿ, ತೋಟದಿಂದ ಕೊಚ್ಚಿಹೋದ ರಸಗೊಬ್ಬರ ಇವೆಲ್ಲ ಹಳ್ಳವನ್ನೇ ಸೇರುತ್ತವೆ. ಚರಂಡಿ ಹಳ್ಳಕ್ಕೆ ಕೂಡುವ ಜಾಗದ ಮೇಲೂ ಕೆಳಗೂ ನೀರಿನ ಬಣ್ಣ, ವಾಸನೆ, ಪಾಚಿ, ಮೀನುಗಳನ್ನು ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ನೋಡಿ ಪುಸ್ತಕದಲ್ಲಿ ಬರೆದಿಡಲಿ. ತನ್ನ ಹಳ್ಳದ ಲೆಕ್ಕವಿಟ್ಟ ಊರು ನಗರದ ಲೆಕ್ಕವನ್ನೂ ಧೈರ್ಯವಾಗಿ ಕೇಳಬಲ್ಲದು.