ಬಂಕೆಯ: ಕಲ್ಲಿನಲ್ಲಿ ಉಳಿದ ದಂಡನಾಯಕ

ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲೆ ಕವಿ ರವಿಕೀರ್ತಿ ಕ್ರಿ.ಶ. 634ರಲ್ಲಿ ಬರೆಸಿದ ಪ್ರಶಸ್ತಿ ಹೆಸರಾದದ್ದು. ಹರ್ಷನ ಸೋಲು, ಪುರಿಯ ಮೇಲೆ ಏರಿಹೋದ ನೂರಾರು ಹಡಗು, ಎಲ್ಲವೂ ಅಲ್ಲಿವೆ. ಆದರೆ ಗೆಲುವೆಲ್ಲ ಇಮ್ಮಡಿ ಪುಲಕೇಶಿಯ ಖಾತೆಗೇ ಜಮೆ. ದಂಡು ನಡೆಸಿದವರ ಬದುಕು ಬೇಕೆಂದರೆ ಐಹೊಳೆಯ ಬಳಿ ಹರಿಯುವ ಮಲಪ್ರಭಾ ಹೊಳೆಯ ಮೇಲ್ಹರಿವಿಗೆ, ನರಗುಂದ ತಾಲೂಕಿನ ಕೊಣ್ಣೂರಿಗೆ ಹೋಗಬೇಕು. ಅಲ್ಲಿಯ ಶಾಸನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ತನ್ನ ದಂಡನಾಯಕ ಬಂಕೆಯನ ಸಾಹಸವನ್ನು ತಾನೇ ಹೇಳುತ್ತಾನೆ. ಗಂಗವಾಡಿಯ ಮೇಲೆ ದಂಡೆತ್ತಿ ಹೋದ ಬಂಕೆಯ ಕೇದಾಳದ ಕೋಟೆ ಹಿಡಿದು ಕಾವೇರಿ ದಾಟುತ್ತಾನೆ. ಅಷ್ಟರಲ್ಲಿ ಒಡೆಯನ ಮನೆಯಲ್ಲೇ ದಂಗೆ. ದಂಗೆಕೋರರ ಜೊತೆ ಅರಸನ ಮಗನೂ ಇದ್ದಾನೆ! ಕರೆ ಬಂದದ್ದೇ ತಡ, ಬಂಕೆಯ ಹಿಂದಿರುಗಿ ದಂಗೆ ಅಡಗಿಸುತ್ತಾನೆ. ಮೂರು ತಿಂಗಳಲ್ಲಿ ಹಗೆಗಳನ್ನು ಗೆದ್ದು ಒಡೆಯನಿಗೆ ಹಾಲು ಕುಡಿಸದಿದ್ದರೆ ಬೆಂಕಿಗೆ ಬೀಳುವೆನೆಂದು ಅವನು ಆಣೆಯಿಟ್ಟನಂತೆ. ಈ ಸೇವೆಗೆ ಮೆಚ್ಚಿ, ಬಂಕೆಯ ಕಟ್ಟಿಸಿದ ಜಿನಾಲಯಕ್ಕೆ ಅರಸ ಕ್ರಿ.ಶ. 860ರಲ್ಲಿ ತಲೆಯೂರನ್ನು ದತ್ತಿ ಬಿಡುತ್ತಾನೆ.

ಇದನ್ನು ನಂಬುವುದು ಹೇಗೆ ಎಂದು ಕೇಳಬಹುದು. ಆಕ್ಷೇಪಣೆ ಹಗುರವಾದದ್ದಲ್ಲ, ಏಕೆಂದರೆ ಈಗಿರುವ ಕಲ್ಲು ಮೂಲವಲ್ಲ. ಸುಮಾರು ಮುನ್ನೂರು ವರ್ಷ ತಡವಾಗಿ ಮಾಡಿದ ಪ್ರತಿ. ದತ್ತಿಯ ಹಕ್ಕು ಉಳಿಸಿಕೊಳ್ಳಲು ಬಸದಿಯವರು ಏನಾದರೂ ಸೇರಿಸಿರಬಹುದಲ್ಲ? ಸೇರಿಸಿರಬಹುದು. ಆದರೆ ತಾಮ್ರಶಾಸನದಿಂದ ಇಳಿಸಿದ್ದು ಎಂದು ಕಲ್ಲೇ ಒಪ್ಪಿಕೊಳ್ಳುತ್ತದೆ. ಕಳ್ಳ ದಾಖಲೆ ಹುಟ್ಟಿಸುವವನು ಪ್ರತಿ ಎಂಬುದನ್ನು ಮುಚ್ಚಿಡುತ್ತಾನೆಯೇ ಹೊರತು ಸಾರಿಕೊಳ್ಳುವುದಿಲ್ಲ. ಭೂಮಿಯ ಹಕ್ಕಿಗೆ ಊರಿನ ಹೆಸರು, ಎಲ್ಲೆ, ದಾನಿಯ ಹೆಸರು ಸಾಕು. ಮಗನೇ ತಂದೆಗೆ ತಿರುಗಿಬಿದ್ದ ಸಂಗತಿಯಿಂದ ಬಸದಿಗೇನು ಲಾಭ? ಹೊರಗಿನ ಸಾಕ್ಷಿಯೂ ಉಂಟು. ಕ್ರಿ.ಶ. 898ರ ಕಾಲವನ್ನು ಹೇಳುವ ಉತ್ತರಪುರಾಣದ ಪ್ರಶಸ್ತಿಯಲ್ಲಿ ಬಂಕೆಯನ ಮಗ ಲೋಕಾದಿತ್ಯ ಬನವಾಸಿ ನಾಡನ್ನು ಆಳುತ್ತಿದ್ದಾನೆ, ತಂದೆಯ ಹೆಸರಿನ ಬಂಕಾಪುರದಲ್ಲಿ ಕುಳಿತು.

ಇಂಗ್ಲೆಂಡಿನಲ್ಲಿ 1219ರಲ್ಲಿ ತೀರಿಕೊಂಡ ಸರದಾರ ವಿಲಿಯಂ ಮಾರ್ಷಲ್‌ನ ಕಥೆಯೂ ಇಂಥದ್ದೇ. ಅವನ ಚರಿತೆಯನ್ನು ಬರೆಸಿದವನು ಹೆತ್ತ ಮಗ. ಹಳೆಯ ಫ್ರೆಂಚಿನಲ್ಲಿ 19 ಸಾವಿರಕ್ಕೂ ಮಿಕ್ಕಿದ ಪದ್ಯಸಾಲುಗಳು. ಬರೀ ಹೊಗಳಿಕೆಯೆಂದು ಅಲ್ಲಿಯವರು ಅದನ್ನು ಬದಿಗೆ ಸರಿಸಲಿಲ್ಲ, ಬೇರೆ ದಾಖಲೆಗಳೊಂದಿಗೆ ತಾಳೆ ಹಾಕಿ ಬಳಸಿಕೊಂಡರು. ಕೊಣ್ಣೂರಿನ ಕಲ್ಲಿಗೂ ಅದೇ ನ್ಯಾಯ ಸಲ್ಲಬೇಕು. ಹಾಲಿನ ಆಣೆಯನ್ನು ಬೇಕಾದರೆ ಕವಿಯ ಪಾಲಿಗೆ ಬಿಡೋಣ. ದಂಡಯಾತ್ರೆ, ದಂಗೆ, ದತ್ತಿ ಈ ಮೂರನ್ನು ಇತಿಹಾಸವೆಂದು ಒಪ್ಪಲು ಅಡ್ಡಿಯಿಲ್ಲ.